ಕಾರ್ಮಿಲ್ಲಾಳನ್ನು ನೋಡುವ ಬಗೆ

ಶೃಂಗಾರ ಬೆರೆತ ಭಯದ ಚಿತ್ರಗಳ ರುಚಿ ಹತ್ತಬೇಕೆನ್ನುವವರಿಗೆ ನನ್ನದೊಂದು ತಲೆಕೆಳಗಾದ ಸಲಹೆ: ಒಳ್ಳೆಯವುಗಳ ಜೊತೆ ಸೋತದ್ದೊಂದನ್ನೂ ಕೂತು ನೋಡಿ. ಅದಕ್ಕೆ 1971ರ ‘ಲಸ್ಟ್ ಫಾರ್ ಎ ವ್ಯಾಂಪೈರ್’ ಹೇಳಿ ಮಾಡಿಸಿದಂತಿದೆ. ಬ್ರಿಟನ್ನಿನ ಹ್ಯಾಮರ್ ಕಂಪನಿ ತೆಗೆದ ಈ ಚಿತ್ರಕ್ಕೆ ಮೂಲ ಐರ್ಲೆಂಡಿನ ಶೆರಿಡನ್ ಲೆ ಫ್ಯಾನು ಬರೆದ ‘ಕಾರ್ಮಿಲ್ಲಾ’.

ಮೊದಲು ಕಥೆ ಓದಿ. ಒಂದು ಸಂಜೆಗೆ ಮುಗಿಯುತ್ತದೆ. 1872ರಲ್ಲಿ ಪುಸ್ತಕದೊಳಗೆ ಸೇರಿದ ಈ ರಕ್ತಪಿಶಾಚಿ ಡ್ರಾಕುಲಾನಿಗಿಂತ 25 ವರ್ಷ ಹಿರಿಯಳು. ಆಸ್ಟ್ರಿಯಾದ ಸ್ಟಿರಿಯಾ ಸೀಮೆ, ಕಾಡಿನ ನಡುವೆ ಒಂಟಿ ಕೋಟೆಮನೆ, ಅಲ್ಲಿ ತಂದೆಯೊಂದಿಗೆ ಲಾರಾ. ಮನೆಯೆದುರು ಸಾರೋಟು ಮಗುಚಿ, ಅದರಲ್ಲಿದ್ದ ಕಾರ್ಮಿಲ್ಲಾ ಅತಿಥಿಯಾಗಿ ಉಳಿಯುತ್ತಾಳೆ. ಕಥೆ ಹೇಳುವವಳು ಲಾರಾ. ಗೆಳತಿಯ ಅಪ್ಪುಗೆ ಅವಳಿಗೆ ಹಿತವೂ ಹೌದು, ಹೇಸಿಗೆಯೂ ಹೌದು. ರಾತ್ರಿ ಮಂಚದ ಕಾಲ್ದೆಸೆಯಲ್ಲಿ ಬೆಕ್ಕಿನಂಥ ಕರಿಯ ಪ್ರಾಣಿ. ಎದೆಗೆ ಎರಡು ಸೂಜಿ ಹೊಕ್ಕಂತೆ ನೋವು. ಹಳ್ಳಿ ಹುಡುಗಿಯೊಬ್ಬಳ ಶವಯಾತ್ರೆಯ ಹಾಡು ಕಿವಿಗೆ ಬಿದ್ದೊಡನೆ ಕಾರ್ಮಿಲ್ಲಾ ಸಿಡಿಮಿಡಿಗೊಂಡು ನಡುಗುವ ಪುಟವನ್ನು ಎರಡು ಸಲ ಓದಿ. ಗೋರಿ ಬಗೆದು ಅವಳನ್ನು ನಾಶ ಮಾಡಿ ಎಷ್ಟೋ ಕಾಲವಾದ ಮೇಲೂ ಬಾಗಿಲ ಬಳಿ ಅವಳ ಹೆಜ್ಜೆ ಸಪ್ಪಳ ಕೇಳಿದಂತಾಗುತ್ತದೆ ಲಾರಾಳಿಗೆ. ಅದು ಭಯವೋ ಹಂಬಲವೋ, ಲೆ ಫ್ಯಾನು ಬಾಯಿಬಿಡುವುದಿಲ್ಲ.

ನಮ್ಮ ಆಲಂಕಾರಿಕರು ಶೃಂಗಾರಕ್ಕೆ ಭಯಾನಕ ವಿರೋಧಿ ರಸವೆಂದರು. ಒಂದಿದ್ದಲ್ಲಿ ಇನ್ನೊಂದು ಕೆಡುತ್ತದೆ. ಆ ಎರಡನ್ನೂ ಒಂದೇ ಹೃದಯದಲ್ಲಿ, ಒಬ್ಬಳೇ ವ್ಯಕ್ತಿಯ ಕಡೆಗೆ, ಒಂದೇ ಗಳಿಗೆಯಲ್ಲಿ ಹುಟ್ಟಿಸಿದ್ದು ಈ ಕಥೆಯ ಹೆಚ್ಚುಗಾರಿಕೆ. ಈ ಬಗೆಯ ಯಾವ ಚಿತ್ರ ನೋಡುವಾಗಲೂ ಇದನ್ನೇ ಹುಡುಕಿ: ಹೆದರುವವರೂ ಮೋಹಗೊಳ್ಳುವವರೂ ಒಬ್ಬರೇನಾ?

ಈಗ ಚಿತ್ರಕ್ಕೆ ಬನ್ನಿ. ಇಲ್ಲಿ ಲಾರಾಳೇ ಇಲ್ಲ! ಅವಳ ಜಾಗದಲ್ಲಿ ಲೆಸ್ಟ್ರೇಂಜ್ ಎಂಬ ಕಾದಂಬರಿಕಾರ. ಮಿರ್ಕಲ್ಲಾ ಎಂಬ ಹಳೆಯ ಹೆಸರಿನಲ್ಲಿ ಬಂದಿರುವ ಕಾರ್ಮಿಲ್ಲಾಳಿಗೆ ಮರುಳಾಗಿ, ಅವಳಿರುವ ಶಾಲೆಗೆ ಮೇಷ್ಟ್ರಾಗಿ ನುಸುಳುತ್ತಾನೆ. ಕಣ್ಣು ಅವನದಾಯಿತು, ಮೋಹವೂ ಅವನದಾಯಿತು. ಹೆದರುವ ಕೆಲಸ ಬೇರೆಯವರ ಪಾಲಿಗೆ ಬಂತು. ಹಾಗಾಗಿ ಒಂದಷ್ಟು ಹೊತ್ತು ಶೃಂಗಾರ, ಆಮೇಲೆ ಒಂದು ಹೆಣ, ಮತ್ತೆ ಶೃಂಗಾರ. ಇಬ್ಬರೂ ಕೂಡುವ ಹೊತ್ತಿಗೆ ಹಿನ್ನೆಲೆಯಲ್ಲಿ ‘ಸ್ಟ್ರೇಂಜ್ ಲವ್’ ಎಂಬ ಪಾಪ್ ಹಾಡು ಬೇರೆ. ಹತ್ತೊಂಬತ್ತನೆಯ ಶತಮಾನ ಅಲ್ಲಿಗೆ ಮುಗಿಯಿತು. ಕಾರ್ಮಿಲ್ಲಾಳ ವಂಶದ ಕೌಂಟ್ ಕಾರ್ನ್‌ಸ್ಟೈನನ ವೇಷ ರೇಡಿಯೊದಿಂದ ಬಂದ ಮೈಕ್ ರೇವನ್‌ನದು, ದನಿ ಮಾತ್ರ ವ್ಯಾಲೆಂಟೈನ್ ಡಯಲ್‌ನದು. ರೇಡಿಯೊದವನನ್ನು ಕರೆತಂದು ದನಿಯನ್ನೇ ಬಿಟ್ಟದ್ದು ಯಾವ ಲೆಕ್ಕವೋ!

ಸೋಲಿಗೆ ಹೊರಗಿನ ಕಾರಣಗಳೂ ಇದ್ದವು. 1970ರಲ್ಲಿ ಬ್ರಿಟಿಷ್ ಸೆನ್ಸಾರ್ ‘ಎಕ್ಸ್’ ಚಿತ್ರಗಳ ವಯೋಮಿತಿಯನ್ನು 16ರಿಂದ 18ಕ್ಕೆ ಏರಿಸಿತು. ತೋರಿಸಲು ಸಡಿಲ ಸಿಕ್ಕಿತು, ಹ್ಯಾಮರ್ ಅದನ್ನು ಬಳಸಿಕೊಂಡಿತು. ನಿರ್ದೇಶಿಸಬೇಕಿದ್ದ ಟೆರೆನ್ಸ್ ಫಿಶರ್ ಕಾಲು ಮುರಿದುಕೊಂಡರು. ನಟಿಸಬೇಕಿದ್ದ ಪೀಟರ್ ಕುಶಿಂಗ್ ಪತ್ನಿಯ ಕಾಯಿಲೆಯಿಂದಾಗಿ ಹಿಂದೆ ಸರಿದರು. ಕೊನೆಗಳಿಗೆಯಲ್ಲಿ ನಿರ್ದೇಶನ ಜಿಮ್ಮಿ ಸ್ಯಾಂಗ್‌ಸ್ಟರ್ ಹೆಗಲಿಗೆ ಬಿತ್ತು. ಇವರೇ 1958ರ ಹ್ಯಾಮರ್ ‘ಡ್ರಾಕುಲಾ’ಕ್ಕೆ ಚಿತ್ರಕಥೆ ಬರೆದವರು, ಗೊತ್ತಿಲ್ಲದವರೇನಲ್ಲ. ಮಿರ್ಕಲ್ಲಾಳ ಪಾತ್ರದ ಯುಟೆ ಸ್ಟೆನ್ಸ್‌ಗಾರ್ಡ್ ಅವರನ್ನು ದೂರಿ ಫಲವಿಲ್ಲ, ಅವರಿಗೆ ಕೊಟ್ಟದ್ದೇ ಅಷ್ಟು.

ಆದರೂ ಒಂದು ದೃಶ್ಯಕ್ಕಾಗಿ ಕಾಯಿರಿ. ಕುಶಿಂಗ್ ಬದಲಿಗೆ ಬಂದ ರಾಲ್ಫ್ ಬೇಟ್ಸ್ ಇಲ್ಲಿ ಕಾರ್ನ್‌ಸ್ಟೈನ್ ವಂಶದ ಹುಚ್ಚು ಹಿಡಿದ ಮೇಷ್ಟ್ರು. ಮಿರ್ಕಲ್ಲಾ ಯಾರೆಂದು ಚೆನ್ನಾಗಿ ಬಲ್ಲ. ಬಲ್ಲವನಾಗಿಯೇ ಅವಳೆದುರು ನಿಂತು, ನನ್ನನ್ನು ನಿನ್ನ ಸೇವಕನನ್ನಾಗಿ ಮಾಡಿಕೋ ಎಂದು ಬೇಡುತ್ತಾನೆ; ಸಾಯುತ್ತಾನೆ. ಭಯವೂ ಮೋಹವೂ ಒಂದೇ ಮುಖದಲ್ಲಿ ಕಾಣುವುದು ಇಡೀ ಚಿತ್ರದಲ್ಲಿ ಅಲ್ಲೊಂದೇ ಕಡೆ.

ಹ್ಯಾಮರ್‌ಗೇ ಇದು ಸಾಧ್ಯವಿತ್ತು ಎನ್ನಲು 1970ರ ‘ದ ವ್ಯಾಂಪೈರ್ ಲವರ್ಸ್’ ಸಾಕ್ಷಿ. ರಾಯ್ ವಾರ್ಡ್ ಬೇಕರ್ ನಿರ್ದೇಶನದ ಆ ಚಿತ್ರದಲ್ಲೂ ಮೈ ತೋರಿಸುವ ಹಪಾಹಪಿ ಇದೆ, ನಿಜ. ಆದರೆ ಇಂಗ್ರಿಡ್ ಪಿಟ್‌ರ ಕಾರ್ಮಿಲ್ಲಾ ತಾನು ಕೊಲ್ಲುವವರಿಗಾಗಿ ದುಃಖಿಸುತ್ತಾಳೆ. ಎರಡೇ ಸಂಜೆ ಬಿಡುವಿದ್ದರೆ ಒಂದನ್ನು ಕಥೆಗೆ, ಇನ್ನೊಂದನ್ನು ಪಿಟ್‌ಗೆ ಕೊಡಿ. ಮೂರನೆಯದೂ ಸಿಕ್ಕರಷ್ಟೇ ಸ್ಯಾಂಗ್‌ಸ್ಟರ್ ಕಡೆ ಹೋಗಿ. ಬೇಟ್ಸ್ ಸತ್ತ ಮೇಲೆ ಎದ್ದು ಹೋದರೂ ನಷ್ಟವಿಲ್ಲ.