ಪೇಟಿ ಮಾಸ್ತರರ ಹೆಸರು ಎಲ್ಲಿದೆ?

ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಬಂದು ಕೈಯಲ್ಲಿ ನಾಲ್ಕು ಕಾಸು ಆಡುವ ಹೊತ್ತಿಗೆ ಹಾವೇರಿ, ರಾಣೆಬೆನ್ನೂರು ಸೀಮೆಯಲ್ಲಿ ಜಾತ್ರೆಗಳೂ ಶುರುವಾಗುತ್ತವೆ. ಜಾತ್ರೆ ಎಂದಮೇಲೆ ನಾಟಕ ಇದ್ದದ್ದೇ. ಹ್ಯಾಂಡ್‌ಬಿಲ್ಲಿನ ತುಂಬ ನಾಯಕ, ಖಳನಾಯಕರ ಫೋಟೊ, ದೇಣಿಗೆ ಕೊಟ್ಟ ಮುಖಂಡರ ಹೆಸರು. ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರರು ಮಾತ್ರ ತಳದಲ್ಲಿ, ತಬಲಾದವರ ಜೊತೆ ಸಣ್ಣ ಅಕ್ಷರದ ಸಾಲಿನಲ್ಲಿ. ನನ್ನ ತಕರಾರು ಈ ಅಕ್ಷರದ ಗಾತ್ರದ ಬಗ್ಗೆ. ಹೊಲದಿಂದ ಬಂದ ಹುಡುಗರಿಗೆ ತಾಲೀಮಿನಲ್ಲಿ ಮಾತು, ಹಾಡು, ನಿಲ್ಲುವ ಜಾಗ ಕಲಿಸುವವರು ಬಹಳ ಕಡೆ ಇದೇ ಮಾಸ್ತರರು. ಒಬ್ಬನ ದನಿಗೆ ಕಪ್ಪು ಒಂದರ ಶ್ರುತಿ ಹೊಂದಿದರೆ ಇನ್ನೊಬ್ಬನಿಗೆ ಕಪ್ಪು ಎರಡು ಬೇಕು. ಅದೆಲ್ಲ ಇವರ ನೆನಪಿನಲ್ಲಿರಬೇಕು. ವೃತ್ತಿ ಕಲಾವಿದೆಯರಂತೂ ಬಹುತೇಕ ಪ್ರದರ್ಶನದ ದಿನವೇ ಬಂದಿಳಿಯುತ್ತಾರೆ. ಬಣ್ಣ ಹಚ್ಚಿಕೊಳ್ಳುತ್ತಲೇ ತಮ್ಮ ಶ್ರುತಿ ಹೇಳುತ್ತಾರೆ, ಅಷ್ಟೇ. ಯಾವ ಚರಣ ಬಿಡುತ್ತಾರೆ, ಎಲ್ಲಿ ಉಸಿರು ಎಳೆಯುತ್ತಾರೆ ಎಂಬುದನ್ನು ರಂಗದ ಮೇಲೆ ಹಾಡು ನಡೆದಾಗಲೇ ಅರಿಯಬೇಕು. ನಾಯಕನ ಪಾತ್ರದವ ಗಾಬರಿಯಲ್ಲಿ ಅರ್ಧ ಸ್ವರ ಮೇಲೆ ಹೊರಟನೋ, ಮಾಸ್ತರರ ಬಲಗೈ ಒಂದು ಮನೆ ಸರಿಯುತ್ತದೆ; ಗಾಳಿ ಹಾಕುವ ಎಡಗೈ ಏನೂ ಆಗಿಲ್ಲವೆಂಬಂತೆ ಆಡುತ್ತಲೇ ಇರುತ್ತದೆ. ನೋಡುವವರಿಗೆ ಗೊತ್ತೇ ಆಗುವುದಿಲ್ಲ. ಗೊತ್ತಾಗಗೊಡದಿರುವುದೇ ಅವರ ವಿದ್ಯೆ, ಹೆಸರು ತಳಕ್ಕಿಳಿದದ್ದೂ ಅದರಿಂದಲೇ.

ಪೇಟಿ ಹೊರಗಿನಿಂದ ಬಂದದ್ದು, ಅದರಲ್ಲಿ ಸ್ವರ ಜಾರಿಸುವ ಮೀಂಡ್ ಬರುವುದಿಲ್ಲ, ಅದರ ಹೆಚ್ಚುಗಾರಿಕೆ ಏನು ಎನ್ನುವ ರಸಿಕರಿದ್ದಾರೆ. ಆಕಾಶವಾಣಿಯೇ 1940ರಲ್ಲಿ ಅದನ್ನು ಹೊರಗಿಟ್ಟು, 1971ರ ತನಕ ಬಾಗಿಲು ತೆರೆಯಲಿಲ್ಲ. ಕೊರತೆ ನಿಜ. ಒಳ್ಳೆಯ ಸಾಥ್ ಹುಟ್ಟಿದ್ದೂ ಆ ಕೊರತೆಯಿಂದಲೇ: ಹಾಡುಗಾರ ಸ್ವರ ಜಾರಿಸುವಾಗ ಮಾಸ್ತರರು ಬೆರಳು ಎತ್ತಿಬಿಡುತ್ತಾರೆ, ಜಾರಿ ನಿಂತಮೇಲೆ ಮೆಲ್ಲಗೆ ಹಿಡಿಯುತ್ತಾರೆ. ಪೇಟಿಯನ್ನು ಹಗುರವಾಗಿ ಕಾಣದ ಪರಂಪರೆಯೂ ನಮ್ಮಲ್ಲಿದೆ: ಹಾನಗಲ್ ತಾಲ್ಲೂಕಿನ ದೇವಗಿರಿಯಲ್ಲಿ 1914ರಲ್ಲಿ ಹುಟ್ಟಿದ ಪುಟ್ಟರಾಜ ಗವಾಯಿಗಳು ಪೇಟಿಯಲ್ಲೂ ನಿಷ್ಣಾತರು, ನಾಟಕವನ್ನೂ ಬರೆದವರು. ಅವರ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತ ಅಂಧ ಕಲಾವಿದರು ಇಂದಿಗೂ ಈ ಭಾಗದ ಪುರಾಣ, ಭಜನೆಗಳಿಗೆ ಸಾಥ್ ಕೊಡುತ್ತಾರೆ.

ಈಗ ಪೇಟಿಯ ಜಾಗಕ್ಕೆ ಕ್ಯಾಸಿಯೊ, ರಿದಂ ಪ್ಯಾಡ್ ಬಂದಿವೆ. ಗುಂಡಿ ಒತ್ತಿದರೆ ಶ್ರುತಿ ಬದಲು, ಬೇಕೆಂದರೆ ಶಹನಾಯಿ, ಸಂಘಕ್ಕೆ ಖರ್ಚೂ ಕಡಿಮೆ ಎಂಬ ವಾದವನ್ನು ತಳ್ಳಿಹಾಕಲಾಗದು. ಕ್ಯಾಸಿಯೊದಲ್ಲೇ ಚೆಂದವಾಗಿ ಸಾಥ್ ಕೊಡುವವರೂ ಇದ್ದಾರೆ. ಕೇಡು ಇರುವುದು ಅದರೊಳಗಿನ ಸಿದ್ಧ ತಾಳದಲ್ಲಿ. ನಟ ಸಾಲು ಮರೆತರೆ ಅದು ಕಾಯುವುದಿಲ್ಲ. ಪೇಟಿ ಮಾಸ್ತರರು ಕಾಯುತ್ತಾರೆ, ಪಲ್ಲವಿಯನ್ನು ಇನ್ನೊಂದು ಸುತ್ತು ತಿರುಗಿಸುತ್ತಾರೆ, ಮರೆತ ಸಾಲಿನ ಮೊದಲ ಸ್ವರ ಒತ್ತಿ ನೆನಪು ಕೊಡುತ್ತಾರೆ. ಬರುವ ಜಾತ್ರೆಗೆ ಹ್ಯಾಂಡ್‌ಬಿಲ್ ಅಚ್ಚು ಹಾಕಿಸುವ ನಾಟ್ಯ ಸಂಘದವರು ನಾಯಕನ ಹೆಸರಿನಷ್ಟೇ ದೊಡ್ಡದಾಗಿ ಮಾಸ್ತರರ ಹೆಸರನ್ನೂ ಹಾಕಿಸಲಿ. ಒಂದಿಬ್ಬರು ದಾನಿಗಳ ಫೋಟೊ ಸಣ್ಣದಾದರೆ ನಾಟಕಕ್ಕೇನೂ ನಷ್ಟವಿಲ್ಲ.