ದಾವೀದನ ವಿಲಾಪಕ್ಕೆ ಶೂಟ್ಸನ ಸ್ವರ

ಜರ್ಮನಿಯ ಹೈನ್ರಿಖ್ ಶೂಟ್ಸ್ (1585–1672) 1629ರಲ್ಲಿ ವೆನಿಸ್ಸಿನಲ್ಲಿ ಪ್ರಕಟಿಸಿದ ‘ಸಿಂಫೋನಿಯೆ ಸಾಕ್ರೆ’ಯ ಮೊದಲ ಭಾಗದಲ್ಲಿ 20 ಕೃತಿಗಳಿವೆ. ಇಲ್ಲಿ ಸಿಂಫನಿ ಎಂದರೆ ಕಂಠವೂ ವಾದ್ಯಗಳೂ ಕೂಡಿ ನುಡಿಯುವ ಪವಿತ್ರ ಗಾನ. ಕಾನ್ಚೆರ್ಟೊ ಪಲಾಟಿನೊ ವೃಂದದ ಧ್ವನಿಮುದ್ರಣದಲ್ಲಿ ನಮ್ಮನ್ನು ತಡೆದು ನಿಲ್ಲಿಸುವುದು ಅಬ್ಷಾಲೋಮನಿಗಾಗಿ ದಾವೀದನು ಗೋಳಿಡುವ ಕೃತಿ (2 ಸಮುವೇಲ 18:33). ಮೊದಲು ನಾಲ್ಕು ಟ್ರೊಂಬೋನುಗಳು ನುಡಿಯುತ್ತವೆ; ಬಳಿಕವೇ ತಗ್ಗುಸ್ಥಾಯಿಯ ಒಂಟಿ ಪುರುಷಕಂಠ ಮಗನನ್ನು ಕರೆಯುತ್ತದೆ. ಹಳೆಯ ಮಾದರಿಯ ಆ ವಾದ್ಯಗಳು ಮೆದುವಾಗಿ ನುಡಿದು ಕಂಠಕ್ಕೆ ಎಡೆಗೊಡುತ್ತವೆ. ಮಾತುಗಳು ಕೆಲವೇ, ಅವೇ ಮರಳಿ ಮರಳಿ ಬರುತ್ತವೆ. ಕೊನೆಗೂ ಶೂಟ್ಸ್ ಸಾಂತ್ವನದ ಒಂದು ವಾಕ್ಯವನ್ನೂ ಸೇರಿಸುವುದಿಲ್ಲ.

ಸಿಂಧನೂರು, ಲಿಂಗಸುಗೂರು, ಮಸ್ಕಿಯ ಸಭೆಗಳಿಗೆ ಇಂಥ ವಿಲಾಪ ಅಪರಿಚಿತವಲ್ಲ. ನೆರೆಯ ಮುದಗಲ್ಲಿನ ಮೊಹರಂ ಪ್ರಸಿದ್ಧ. ಹಸನ್ ಹುಸೇನರಿಗಾಗಿ ಶೋಕಿಸುವ ರಿವಾಯತ ಪದಗಳನ್ನು ಈ ಸೀಮೆ ಬಲ್ಲದು. ಆದರೂ ಶವಸಂಸ್ಕಾರದ ಪ್ರಸಂಗದಲ್ಲಿ ನಾವು ಹೆತ್ತವರ ಅಳುವಿಗೆ ಎಡೆಗೊಡದೆ ಪುನರುತ್ಥಾನವನ್ನು ಸಾರಲು ಅವಸರಪಡುತ್ತೇವೆ. ಆ ನಿರೀಕ್ಷೆ ಸತ್ಯವೇ. ಆದರೆ ಲಾಜರನನ್ನು ಎಬ್ಬಿಸಲಿದ್ದ ಕರ್ತನೇ ಮೊದಲು ಕಣ್ಣೀರು ಬಿಟ್ಟನು. ಸಭಾಪಾಲಕರು ಈ ಕೃತಿಯನ್ನು ಆಲಿಸಿ ಆ ಕ್ರಮವನ್ನು ಕಲಿಯಬೇಕೆಂಬುದೇ ನಮ್ಮ ಅಭಿಪ್ರಾಯ.