‘ಆರ್ಗನಾನ್’: ಖಂಡನೆಯೂ ಮಂಡನೆಯೂ

ಜರ್ಮನಿಯ ವೈದ್ಯ ಸಾಮ್ಯುಯೆಲ್ ಹಾನೆಮನ್ 1810ರಲ್ಲಿ ಪ್ರಕಟಿಸಿದ ‘ಆರ್ಗನಾನ್’ ಹೋಮಿಯೋಪತಿಯ ಅನುಯಾಯಿಗಳಿಗೆ ಪ್ರಮಾಣಗ್ರಂಥವೆನಿಸಿದ್ದರೂ, ಭಕ್ತಿಯನ್ನೂ ಪರಿಹಾಸವನ್ನೂ ಬದಿಗಿರಿಸಿ ಓದುವವನಿಗೆ ಅದರ ಖಂಡನಭಾಗವು ಮಂಡನಭಾಗಕ್ಕಿಂತ ಎಷ್ಟೋ ಪಾಲು ಬಲಿಷ್ಠವೆಂಬುದು ಗೋಚರವಾಗದೆ ಇರದು.

ಆ ಕಾಲದ ಯೂರೋಪಿನ ವೈದ್ಯರು ಜ್ವರಪೀಡಿತನ ನೆತ್ತರನ್ನು ಹರಿಸುತ್ತಲೂ, ಪಾದರಸದ ಔಷಧಗಳನ್ನು ನುಂಗಿಸುತ್ತಲೂ, ಮೊದಲೇ ಕ್ಷೀಣಿಸಿದವನಿಗೆ ತೀವ್ರ ವಿರೇಚನವನ್ನು ಕೊಡುತ್ತಲೂ ಇದ್ದುದನ್ನು ಕುರಿತು ಹಾನೆಮನ್ ಎತ್ತಿದ ಆಕ್ಷೇಪಣೆ ಸರ್ವಥಾ ನ್ಯಾಯವಾದುದು. ಅವನ ರೋಗಿಗಳು ಇತರರ ರೋಗಿಗಳಿಗಿಂತ ಬೇಗ ಚೇತರಿಸಿಕೊಂಡಿದ್ದರೆ ಆಶ್ಚರ್ಯವೇನು? ಅವರು ಸೇವಿಸಿದ ಔಷಧಕ್ಕಿಂತ ತಪ್ಪಿಸಿಕೊಂಡ ಔಷಧವೇ ಅವರಿಗೆ ಹಿತಕರವಾಗಿತ್ತು.

ಮಂಡನೆಯದು ಬೇರೆ ಕಥೆ. 1790ರಲ್ಲಿ ಸಿಂಕೋನ ತೊಗಟೆಯನ್ನು ತಾನೇ ಸೇವಿಸಿ, ತನ್ನಲ್ಲಿ ವಿಷಮಜ್ವರದಂಥ ಲಕ್ಷಣಗಳು ತೋರಿದುವೆಂದು ಬಗೆದು, ಸಮಾನವೇ ಸಮಾನವನ್ನು ಶಮನಗೊಳಿಸುವುದೆಂಬ ಸಾರ್ವತ್ರಿಕ ನಿಯಮವನ್ನು ಅವನು ಕಟ್ಟತೊಡಗಿದನು. ಒಂದೇ ದೃಷ್ಟಾಂತದಿಂದ ವ್ಯಾಪ್ತಿ ಸಿದ್ಧಿಸದೆಂದು ನಮ್ಮ ನೈಯಾಯಿಕರಲ್ಲಿ ಯಾರಾದರೂ ಅವನನ್ನು ಅಲ್ಲಿಯೇ ತಡೆಯುತ್ತಿದ್ದರು. ಆ ತೊಗಟೆ ಮಲೇರಿಯವನ್ನು ಗುಣಪಡಿಸುವುದು ಸಾಮ್ಯದಿಂದಲ್ಲ, ಅದರಲ್ಲಿರುವ ಕ್ವಿನೈನ್ ರಕ್ತದೊಳಗಿನ ರೋಗಾಣುವನ್ನು ಕೊಲ್ಲುವುದರಿಂದ. ಅದನ್ನೇ ಹೋಮಿಯೋಪತಿಯ ಕ್ರಮದಲ್ಲಿ ನೂರಕ್ಕೊಂದರಂತೆ ಮೂವತ್ತು ಸಲ ತೆಳುಗೊಳಿಸಿದರೆ ಮೂಲದ್ರವ್ಯದ ಒಂದು ಅಣುವಾದರೂ ಉಳಿಯುವ ಸಂಭವವಿಲ್ಲ.

ಹಾಗೆ ತೆಳುಗೊಳಿಸಿದ ಔಷಧಕ್ಕೆ ಗುಣವುಂಟೇ ಎಂಬ ಸಂದೇಹಕ್ಕೆ ಪ್ರಾಯೋಗಿಕ ಉತ್ತರ ಹಾನೆಮನ್ ಬದುಕಿರುವಾಗಲೇ ದೊರೆಯಿತು. 1835ರಲ್ಲಿ ನ್ಯೂರೆಂಬರ್ಗಿನ ನಾಗರಿಕರು ಅತಿಯಾಗಿ ತೆಳುಗೊಳಿಸಿದ ಉಪ್ಪಿನ ದ್ರವವನ್ನೂ ಬರಿಯ ಹಿಮಜಲವನ್ನೂ ಗುರುತು ತಿಳಿಯದಂತೆ ಬೆರೆಸಿಟ್ಟ ಸೀಸೆಗಳಲ್ಲಿ ಹಂಚಿಸಿದರು. ಕುಡಿದವನಿಗೂ ಕೊಟ್ಟವನಿಗೂ ಯಾವುದು ಯಾವುದೆಂದು ಅರಿವಿರಲಿಲ್ಲ. ವರದಿಯೊಪ್ಪಿಸಿದ 50 ಮಂದಿಯಲ್ಲಿ 42 ಮಂದಿಗೆ ವಿಶೇಷವೇನೂ ಅನುಭವಕ್ಕೆ ಬರಲಿಲ್ಲ. ಏನೋ ಆಯಿತೆಂದ ಎಂಟು ಮಂದಿಯಲ್ಲಿ ಮೂವರು ಕುಡಿದುದು ಬರಿಯ ನೀರನ್ನು. ವೈದ್ಯಕೀಯದ ಇತಿಹಾಸದಲ್ಲಿ ಇಂತಹ ಕುರುಡುಪರೀಕ್ಷೆಗಳ ಆದ್ಯ ಮಾದರಿಗಳಲ್ಲೊಂದು ಹೋಮಿಯೋಪತಿಯ ನಿಮಿತ್ತವಾಗಿ ಹುಟ್ಟಿತೆಂಬುದು ಆ ಪದ್ಧತಿಗೆ ಸಲ್ಲಬೇಕಾದ ಒಂದು ವಿಚಿತ್ರ ಗೌರವವೇ ಸರಿ.

ಆದರೂ 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಆಗಸ್ಟಸ್ ಮುಲ್ಲರ್ ಬಡವರಿಗೆ ಹೋಮಿಯೋಪತಿ ಔಷಧಾಲಯವನ್ನು ತೆರೆದುದನ್ನು ಈ ವಾದದಿಂದ ಲಘುವಾಗಿ ಕಾಣಲಾಗದು. ಕುಷ್ಠರೋಗಿಗಳಿಗೂ ಆಶ್ರಯವಿತ್ತ ಆ ಕಾರುಣ್ಯದ ಪುಣ್ಯವು ಮುಲ್ಲರರದು. ಅದನ್ನು ಸಿದ್ಧಾಂತದ ಲೆಕ್ಕಕ್ಕೆ ಜಮಾ ಮಾಡುವವರು, ತಾನಾಗಿ ವಾಸಿಯಾಗುವ ನೆಗಡಿಗೂ ತಡಮಾಡಿದರೆ ಪ್ರಾಣವೊಯ್ಯುವ ಕ್ಷಯಕ್ಕೂ ಒಂದೇ ಸಕ್ಕರೆಗುಳಿಗೆಯನ್ನು ನಂಬುವಂತೆ ರೋಗಿಯನ್ನು ಪ್ರೇರಿಸುತ್ತಾರೆ.